ಮಂಗನೂ ಡಬ್ಬಿ ಓದಬೇಕು

ನಮ್ಮ ಬಡಾವಣೆಯ ಸಾವಯವ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಾಲದು, ವಿಚಾರಣೆಯೂ ಮುಗಿಯಬೇಕು. ಮೊನ್ನೆ ಒಂದು ಕೇಜಿ ರಾಗಿ ಹಿಟ್ಟು ಕೇಳಿದೆ. "ಯಾರಿಗೆ ಸಾರ್?" ಅಂದರು ಅಂಗಡಿಯವರು. ಮೈಸೂರಿನಲ್ಲಿ ಇಷ್ಟು ವರ್ಷ ಇದ್ದೀನಿ, ರಾಗಿ ಹಿಟ್ಟು ಯಾರಿಗೆ ಅಂತ ಒಬ್ಬರೂ ಕೇಳಿರಲಿಲ್ಲ.

ತಮ್ಮನ ಮಗಳು ರಜೆಗೆ ಬಂದಿದ್ದಾಳೆ, ಸೀಲಿಯಾಕ್ ಅಂತ, ಗೋಧಿಯಲ್ಲಿರೋ ಗ್ಲುಟನ್ ಅನ್ನೋ ಅಂಶ ಕರುಳಿಗೆ ಆಗದ ಕಾಯಿಲೆ, ಡಾಕ್ಟರು ಗೋಧಿ ಬಿಡಿಸಿದ್ದಾರೆ ಅಂದೆ. ಕೂಡಲೇ ನನ್ನ ಕೈಯಲ್ಲಿದ್ದ ಪೊಟ್ಟಣ ಕಿತ್ತುಕೊಂಡರು. ಅದು ಗೋಧಿ ಬೀಸುವ ಮಿಲ್ಲಿನಲ್ಲೇ ಬೀಸಿದ್ದಂತೆ. ಒಳಗಿನಿಂದ ಬೇರೆ ಪೊಟ್ಟಣ ಬಂತು, ಮೂವತ್ತು ರೂಪಾಯಿ ಜಾಸ್ತಿ. ಚಿಲ್ಲರೆ ಎಣಿಸುತ್ತಾ ಕೇಳಿದರು: "ಸಾರಿಗೆ ಇಂಗು ಯಾವುದು ಹಾಕ್ತೀರಿ?"

ನನಗೆ ರೇಗಿತು. ರಿಟೈರ್ ಆದ ಮೇಲೆ ಅಡುಗೆ ನನ್ನದೇ. ನನ್ನ ಸಾರಿನ ಬಗ್ಗೆ ಮಾತಾಡೋಕೆ ಇವರು ಯಾರು?

ಮನೆಗೆ ಬಂದು ಡಬ್ಬಿ ತಿರುಗಿಸಿದೆ. ಅಕ್ಷರಗಳು ಸಾಸಿವೆಗಿಂತ ಸಣ್ಣ. ಕನ್ನಡಕ ಸಾಲದೆ ಮೊಬೈಲಿನಲ್ಲಿ ಫೋಟೋ ಹಿಡಿದು ಹಿಗ್ಗಿಸಿ ನೋಡಿದೆ. ಮೊದಲು ಗೋಂದು, ಆಮೇಲೆ ಗೋಧಿ ಹಿಟ್ಟು. ಇಂಗಿನ ಡಬ್ಬಿಯಲ್ಲಿ ಇಂಗಿಗೆ ಮೂರನೇ ಜಾಗ! ಅದೊಂದು ಗಿಡದ ಬೇರಿನಿಂದ ಒಸರುವ ಅಂಟು. ಹಾಗೇ ಹಾಕಿದರೆ ಘಾಟು ತಡೆಯೋಕಾಗಲ್ಲ, ಅದಕ್ಕೇ ಹಿಟ್ಟು ಬೆರೆಸುತ್ತಾರೆ. ಬರೋದು ಅಫ್ಘಾನಿಸ್ತಾನ, ಇರಾನ್ ಕಡೆಯಿಂದ. ನಮ್ಮ ದೇಶದಲ್ಲಿ, ಹಿಮಾಚಲದ ಲಾಹೌಲ್ ಕಣಿವೆಯಲ್ಲಿ, ಇಂಗಿನ ಸಸಿ ನೆಟ್ಟಿದ್ದೇ 2020ರಲ್ಲಿ. ಅಂದರೆ ಇಷ್ಟು ವರ್ಷ ನನ್ನ ಸಾರಿನ ಘಮ ಅಫ್ಘಾನಿಸ್ತಾನದ್ದು, ನಮ್ಮದು ಬರೀ ಹಿಟ್ಟು.

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತಂತೆ. ಆ ಮಂಗಕ್ಕೆ ಡಬ್ಬಿ ಓದುವ ಕಷ್ಟ ಇರಲಿಲ್ಲ.

ಹುಡುಗಿ ಪಾಪ ಮೂರು ದಿನದಿಂದ ಹೊಟ್ಟೆ ಹಿಡ್ಕೊಂಡಿದ್ದಳು. ಮಾವಿನಹಣ್ಣು ಜಾಸ್ತಿ ತಿಂದಿದ್ದಕ್ಕೆ ಅಂತ ನಾನು ಭಾಷಣ ಬೇರೆ ಬಿಗಿದಿದ್ದೆ.

ಬಾಲ ಮುದುರಿಕೊಂಡು ಮತ್ತೆ ಅಂಗಡಿಗೆ ಹೋದೆ. ನನ್ನ ಮುಂದಿದ್ದ ಹೆಂಗಸು ಗ್ಲುಟನ್ ಇಲ್ಲದ ಬೆಲ್ಲ ಕೇಳುತ್ತಿದ್ದರು. ಬೆಲ್ಲದಲ್ಲಿ ಗೋಧಿ ಯಾವಾಗ ಇತ್ತು ತಾಯಿ? ಇವರಿಗೆ ಹೊಟ್ಟೆನೋವೂ ಇಲ್ಲ, ಏನೂ ಇಲ್ಲ, ಸುಮ್ನೆ ಫ್ಯಾಷನ್ನು. ಗ್ಲುಟನ್ ಇಲ್ಲ ಅಂತ ಚೀಟಿ ಹಾಕಿದರೆ ಕೇಜಿಗೆ 20 ಮಿಲಿಗ್ರಾಂ ಮೀರಬಾರದು ಅನ್ನೋ ನಿಯಮ ಇರೋದು ನಮ್ಮ ಹುಡುಗಿಯಂಥವರಿಗೆ. ನನ್ನನ್ನು ಅಷ್ಟೆಲ್ಲ ಪಾಟೀಸವಾಲು ಮಾಡಿದ ಅಂಗಡಿಯವರು ಈಕೆಗೆ ತುಟಿ ಪಿಟಕ್ ಅನ್ನದೆ ಚೀಟಿ ಅಂಟಿಸಿದ ಬೆಲ್ಲ ಕೊಟ್ಟು ಕಳಿಸಿದರು. ಯಾರಿಗೆ ಅಂತಲೂ ಕೇಳಲಿಲ್ಲ.

ನನಗೆ ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಕ್ಕಿತು. ಹೆಬ್ಬೆರಳಿನಷ್ಟು ಶೀಶೆ, ಬೆಲೆ ಹೇಳಲ್ಲ, ಹೆಂಡತಿ ಇದನ್ನು ಓದುತ್ತಾಳೆ.

ರಾತ್ರಿ ಹುಡುಗಿ ಒಂದು ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ದೊಡ್ಡಪ್ಪ, ನಿನ್ನೆಯ ಸಾರೇ ಚೆನ್ನಾಗಿತ್ತು ಅಲ್ವಾ?"

ಹಳೇ ಡಬ್ಬಿ ಎಸೆದಿಲ್ಲ. ಮೇಲಿನ ಗೂಡಿನಲ್ಲಿದೆ. ಅವಳು ಊರಿಗೆ ಹೋಗಲಿ.