ಬಕೆಟ್ ಸೀಟಿನಿಂದ ಒಮ್ಮೆ ಇಳಿದು ನೋಡಿ

ಪೋರ್ಷೆ 911ಗೆ 18 ಬಗೆಯಲ್ಲಿ ಹೊಂದಿಸಬಹುದಾದ ಸೀಟು ಬೇಕಾ, ಕಾರ್ಬನ್ ಫೈಬರ್ ಬಕೆಟ್ ಸೀಟು (ಎರಡೂ ಪಕ್ಕ ಎತ್ತರವಾಗಿದ್ದು ಮೈಯನ್ನು ಹಿಡಿದಿಡುವ ಸೀಟು) ಬೇಕಾ ಎಂಬ ಪ್ರಶ್ನೆಗೆ 'ಸ್ಪೋರ್ಟ್ಸ್ ಕಾರಿಗೆ ಬಕೆಟ್ಟೇ ಸರಿ' ಎಂದು ಕೆಲವರು ಹೇಳುತ್ತಾರೆ. ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಆ ಬಕೆಟ್ ಸೀಟಿನ ಬೆನ್ನು ಒಂದೇ ಕೋನದಲ್ಲಿ ನಿಂತಿರುತ್ತದೆ. ಹಿಂದೆ ಮುಂದೆ ಸರಿಸಬಹುದು, ಎತ್ತರ ಬದಲಿಸಬಹುದು, ಅಷ್ಟೇ. ಆ ಕೋನ ನಿಮ್ಮ ಬೆನ್ನಿಗೆ ಹೊಂದಿದರೆ ಸ್ವರ್ಗ. ಹೊಂದದಿದ್ದರೆ ಸುಮ್ನೆ ಸಹಿಸಿಕೊಳ್ಳಬೇಕು. ತಿರುವಿನಲ್ಲಿ ಹಿಡಿದು ಕೂರಿಸುತ್ತದೆ ಎಂಬುದು ನಿಜ. ಮಾಮೂಲಿ ಸೀಟಿನಲ್ಲಿ ಮೊಣಕಾಲನ್ನು ಬಾಗಿಲಿಗೆ ಒತ್ತಿ, ಸ್ಟೀರಿಂಗಿಗೇ ಜೋತುಬಿದ್ದು ಕೂರುತ್ತೇವಲ್ಲ, ಅದು ತಪ್ಪುತ್ತದೆ. ಕೈಗೆ ಸ್ಟೀರಿಂಗ್ ತಿರುಗಿಸುವ ಕೆಲಸ ಮಾತ್ರ ಉಳಿಯುತ್ತದೆ. ಟ್ರ್ಯಾಕಿಗೆ ಹೋಗುವವರಿಗೆ ಇದು ದೊಡ್ಡ ಲಾಭ.

ಆದರೆ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವವರು? ಪ್ರತಿ ಸಲವೂ ಪಕ್ಕದ ಎತ್ತರದ ದಿಂಡಿನ ಮೇಲೆ ತೊಡೆ ಉಜ್ಜುತ್ತದೆ. ಸೀಟಿನಲ್ಲಿ ಮೊದಲು ಸವೆಯುವುದು ಬಾಗಿಲ ಕಡೆಯ ಆ ಅಂಚೇ. (ಹಳೆ ಕಾರು ಕೊಳ್ಳುವವರು ಮೊದಲು ಅಲ್ಲೇ ಕಣ್ಣು ಹಾಕಿ. ಕೆಲವೊಮ್ಮೆ ಮೀಟರಿಗಿಂತ ಜಾಸ್ತಿ ಸತ್ಯ ಹೇಳುತ್ತದೆ!)

ಕಾರು ಕೊಂಡ ಮೇಲೆ ಹೊರಗಿನ ಬಕೆಟ್ ಸೀಟು ಹಾಕಿಸುವವರಿಗೂ ಒಂದು ಮಾತು. ಎಷ್ಟೋ ಕಾರುಗಳಲ್ಲಿ ಸೈಡ್ ಏರ್‌ಬ್ಯಾಗ್ ಸೀಟಿನೊಳಗೇ ಇರುತ್ತದೆ. ಸೀಟು ಕಿತ್ತರೆ ಅದೂ ಹೋಯಿತು, ಅಲ್ವಾ?

ಶೋರೂಮಿನಲ್ಲಿ ಐದು ನಿಮಿಷ ಕೂತರೆ ಎಲ್ಲ ಸೀಟೂ ಚೆನ್ನಾಗೇ ಇರುತ್ತದೆ. ಒಂದು ಗಂಟೆ ಓಡಿಸಿ, ಆಮೇಲೆ ಸೊಂಟವನ್ನೇ ಕೇಳಿ.