ಸಂತೆ ಬೀದಿಯಲ್ಲಿ ವಿಡಿಯೊ ಕಾಟ

ಹೊಸ ಊರಿಗೆ ಹೋದಾಗ ನನಗೆ ಮೊದಲು ನೋಡಬೇಕೆನಿಸುವುದು ಅಲ್ಲಿನ ಬೀದಿ ಮಾರುಕಟ್ಟೆ. ಆದರೆ ಈಚೆಗೆ ಅಲ್ಲಿ ನೆಮ್ಮದಿಯಾಗಿ ನಾಲ್ಕು ಹೆಜ್ಜೆ ಇಡಲೂ ಆಗುವುದಿಲ್ಲ. ಇಬ್ಬರು ಪಕ್ಕಪಕ್ಕ ನಡೆಯುವಷ್ಟೇ ಅಗಲದ ಓಣಿ. ಅದರ ನಟ್ಟನಡುವೆ ಒಬ್ಬರು ಸೆಲ್ಫಿ ಸ್ಟಿಕ್ ಎತ್ತಿ ನಿಲ್ಲುತ್ತಾರೆ. ಹಿಂದೆ ಮೂಟೆ ಹೊತ್ತವರು, ಕೈಗಾಡಿ ತಳ್ಳುವವರು ಎಲ್ಲರೂ ಕಾಯಬೇಕು. ‘ಸ್ವಲ್ಪ ಜಾಗ ಬಿಡಿ’ ಅಂದರೆ ಮುಖ ಗಂಟು ಹಾಕುತ್ತಾರೆ.

ತಿಂಡಿ ಗಾಡಿಯ ಮುಂದಂತೂ ಕೇಳಲೇಬೇಡಿ. ಒಲೆಯಿಂದ ಈಗಷ್ಟೇ ಇಳಿದ ಬಿಸಿ ತಿಂಡಿ. ತಟ್ಟೆಯನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಹಬೆ ಆರುವ ತನಕ ವಿಡಿಯೊ. ‘ಇನ್ನೊಂದು ಸಲ ಹಾಗೇ ಸುರಿಯಿರಿ’ ಎಂದು ಗಾಡಿಯವರಿಗೆ ಬೇರೆ ಹೇಳುತ್ತಾರೆ. ಜನ ಸೇರುವ ಆ ಒಂದೆರಡು ಗಂಟೆಯೇ ಅವರ ದಿನದ ದುಡಿಮೆ, ಅಲ್ವಾ? ಸಾಲಿನಲ್ಲಿದ್ದವರು ಬೇಸತ್ತು ಪಕ್ಕದ ಗಾಡಿಗೆ ಹೋದರೆ ನಷ್ಟ ಯಾರಿಗೆ?

ಹಳೆ ಸಾಮಾನಿನ ಸಂತೆಯಲ್ಲಿ ಇನ್ನೂ ಹೊಟ್ಟೆ ಉರಿಯುತ್ತದೆ. ಒಳ್ಳೆ ಸಾಮಾನು ಬೇಗ ಹೋದವರಿಗೇ ಸಿಗುವುದು. ಅದಕ್ಕೇ ನಿದ್ದೆ ಬಿಟ್ಟು ಹೋಗುತ್ತೇವೆ. ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಹಿತ್ತಾಳೆ ಬೀಗ, ಕೀ ಕೊಡುವ ಗಡಿಯಾರ. ಕೈ ಚಾಚುವಷ್ಟರಲ್ಲಿ ಯಾರೋ ಗಡಿಯಾರ ಎತ್ತಿ, ಸುಮ್ನೆ ಫೋಟೊ ತೆಗೆದು, ಬೇರೆಲ್ಲೋ ಇಟ್ಟು ಹೋಗುತ್ತಾರೆ. ಬೆಲೆಯನ್ನೂ ಕೇಳುವುದಿಲ್ಲ. ಮಾರುವವರನ್ನು ಒಂದು ಮಾತು ಕೇಳದೆ ಅವರ ಮುಖಕ್ಕೇ ಫೋನ್ ಹಿಡಿಯುವುದಂತೂ ತೀರಾ ಕೆಟ್ಟದ್ದು.

ಫೋಟೊನೇ ಬೇಡ ಅನ್ನುತ್ತಿಲ್ಲ. ಕೇಳಿ ತೆಗೆಯಿರಿ, ಪಕ್ಕಕ್ಕೆ ನಿಂತು ತೆಗೆಯಿರಿ. ಏನಾದರೂ ಕೊಂಡು ತೆಗೆದರೆ ಇನ್ನೂ ಒಳ್ಳೆಯದು.