ಮೊಣಕೈಗೆ ಬೆಲ್ಲ, ಸಾಲಿನಲ್ಲಿ ಏಳನೇ ನಂಬರ್

ಆಕ್ಲೆಂಡಿನಿಂದ ಲಾಸ್ ಏಂಜಲೀಸ್‌ಗೆ ಸುಮಾರು 10,500 ಕಿಲೋಮೀಟರ್. ಹನ್ನೆರಡು ಗಂಟೆ ಹಾರಾಟ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಇನ್ನೊಂದು ವಿಮಾನ, ಒಂದೂಕಾಲು ಗಂಟೆ. ನನ್ನ ಹತ್ತಿರ ಒಂದು ಅಪ್‌ಗ್ರೇಡ್ ಇತ್ತು, ಅಂದರೆ ಮೇಲಿನ ದರ್ಜೆಯ ಸೀಟು ಕೇಳುವ ಅವಕಾಶ. ವರ್ಷವಿಡೀ ಒಂದೇ ಕಂಪನಿಯ ವಿಮಾನ ಹತ್ತಿ, ಸೊಂಟ ಬಿದ್ದುಹೋಗುವಷ್ಟು ಕೂತು ಸಂಪಾದಿಸಿದ್ದು. ಅದನ್ನು ಎರಡೂ ವಿಮಾನಕ್ಕೆ ಹಾಕಿದೆ. ಯಾವುದಕ್ಕೆ ಸಿಕ್ಕಿರಬಹುದು ಅಂತ ನೀವೇ ಊಹಿಸಿ.

ಅಗ್ಗದ ಟಿಕೆಟ್ ಕೊಂಡವನು ಮುಂದೆ ಹೋಗಿ ಕಾಲು ಚಾಚಿ ಮಲಗುವುದೇ ಅಪ್‌ಗ್ರೇಡ್ ಅಂತ ನಾನು ತಿಳಿದಿದ್ದೆ. ಎಂಥಾ ಮುಗ್ಧ! ಎಕಾನಮಿ ಅನ್ನುವುದು ಒಂದು ತರಗತಿಯೇ ಅಲ್ಲ, ಅದೊಂದು ಅಕ್ಷರಮಾಲೆ, ಟಿಕೆಟ್ಟಿನ ದರಕ್ಕೊಂದು ಅಕ್ಷರ. ವೈ, ಬಿ, ಎಂ, ಎಚ್, ಕ್ಯೂ ಅಂತ ಸಾಗುತ್ತದೆ. ಸೀಟು ಅದೇ, ಊಟ ಅದೇ, ಮುಂದಿನವನು ಮಂಡಿಯ ಮೇಲೆ ಒರಗಿಸುವ ಬೆನ್ನೂ ಅದೇ. ಅಕ್ಷರ ಮಾತ್ರ ಬೇರೆ. ತೀರಾ ಅಗ್ಗದ ಅಕ್ಷರದವರು ಅಪ್‌ಗ್ರೇಡ್ ಕೇಳುವಂತೆಯೇ ಇಲ್ಲ. ನಿಮ್ಮ ಕಂಪನಿಯ ಜೊತೆ ಒಪ್ಪಂದವಿರುವ ಮಿತ್ರ ಕಂಪನಿಯ ವಿಮಾನವಾದರೆ ಸಾಮಾನ್ಯವಾಗಿ ವೈ ಅಥವಾ ಬಿ ಬೇಕು. ಅಂದರೆ ಎಕಾನಮಿಯಲ್ಲೇ ಅತಿ ದುಬಾರಿ ಟಿಕೆಟ್. ಎಷ್ಟೋ ಸಲ ಅದೇ ದುಡ್ಡಿಗೆ ರಿಯಾಯಿತಿಯ ಬಿಸಿನೆಸ್ ಕ್ಲಾಸ್ ಟಿಕೆಟ್ಟೇ ಬಂದುಬಿಡುತ್ತದೆ. ಬಿಟ್ಟಿ ಸೀಟು ಪಡೆಯುವ ಅರ್ಹತೆಗೆ ಆ ಸೀಟಿನಷ್ಟೇ ಬೆಲೆ! ಇದನ್ನು ಯೋಚಿಸಿದವರಿಗೆ ಕೈ ಮುಗಿಯಬೇಕು.

ಇನ್ನು ಮೈಲಿ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೈಲಿ ಲೆಕ್ಕದ ಯೋಜನೆ ಶುರು ಮಾಡಿತು: ಹಾರಿದಷ್ಟು ಮೈಲಿ ಜಮಾ, ಜಮಾ ಆದದ್ದಕ್ಕೆ ಬಿಟ್ಟಿ ಟಿಕೆಟ್. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ಹಿಂದೆಯೇ ಬಂತು. ಆಗ ಮೈಲಿ ಅಂದರೆ ಮೈಲಿ. ಪೆಸಿಫಿಕ್ ದಾಟಿದವನಿಗೆ ಹಬ್ಬ, ಏಕೆಂದರೆ ಅಷ್ಟು ದೊಡ್ಡ ಸಾಗರ ಇನ್ನೊಂದಿಲ್ಲ. 1999ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಎಂಜಿನಿಯರ್ ಡಬ್ಬಿಯ ಮೇಲಿನ ಬಾರ್‌ಕೋಡಿಗೆ ಮೈಲಿ ಸಿಗುತ್ತದೆ ಅಂತ 12,150 ಪುಡ್ಡಿಂಗ್ ಡಬ್ಬಿ ಕೊಂಡ. ಸುಮಾರು ಮೂರು ಸಾವಿರ ಡಾಲರ್ ಖರ್ಚು, ಹನ್ನೆರಡೂವರೆ ಲಕ್ಷ ಮೈಲಿ ಜಮಾ. ಕೂತಲ್ಲಿಂದ ಏಳದೆ ಅಷ್ಟು ದೂರ ಹೋದವರು ಕಡಿಮೆ.

2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್ ಲೆಕ್ಕ ಬದಲಿಸಿದವು. ಎಷ್ಟು ದೂರ ಹಾರಿದಿರಿ ಅನ್ನುವುದು ಬೇಡ, ಟಿಕೆಟಿಗೆ ಎಷ್ಟು ಸುರಿದಿರಿ ಹೇಳಿ ಅಂದವು. ಮರುವರ್ಷ ಅಮೆರಿಕನ್ ಕೂಡ ಅದೇ ದಾರಿ ಹಿಡಿಯಿತು. ಹೆಸರು ಮಾತ್ರ ಮೈಲಿ ಅಂತಲೇ ಉಳಿಯಿತು. ಗಿರಾಕಿಯ ಜೇಬು ನೋಡಿ ಬಟ್ಟೆ ಅಳೆದು, ಅದಕ್ಕೆ ಮೀಟರ್ ಅಂದ ಹಾಗೆ.

ನನ್ನ ಅಕ್ಷರ ಹೇಗೋ ಅರ್ಹ ಪಟ್ಟಿಯಲ್ಲಿತ್ತು. ಆಕ್ಲೆಂಡ್ ವಿಮಾನದ ಕಾಯುವ ಸಾಲಿನಲ್ಲಿ ನಾಲ್ಕನೇ ನಂಬರ್. ಸೀಟಿನ ನಕ್ಷೆಯಲ್ಲಿ ಮುಂದುಗಡೆ ಒಂಬತ್ತು ಸೀಟು ಖಾಲಿ. ಒಂಬತ್ತು ಖಾಲಿ, ನಾನು ನಾಲ್ಕನೆಯವನು. ಲೆಕ್ಕ ಬರುವವನಿಗೆ ಖುಷಿಯಾಗದೆ ಇರುತ್ತದಾ? ಆದರೆ ಸೀಟು ಖಾಲಿ ಇರುವುದು ಬೇರೆ, ಅಪ್‌ಗ್ರೇಡಿಗೆ ಸೀಟು ಇರುವುದು ಬೇರೆ. ಕೊನೇ ಗಳಿಗೆಯಲ್ಲಿ ಯಾರಾದರೂ ದುಡ್ಡು ಕೊಟ್ಟು ಕೊಂಡಾರು ಅಂತ ಅವನ್ನು ಎತ್ತಿಟ್ಟಿರುತ್ತಾರೆ.

ಮಾರನೇ ದಿನ ಆರನೇ ನಂಬರ್. ಗೇಟಿಗೆ ಹೋಗುವಾಗ ಏಳು. ಮುಂದಕ್ಕೆ ಹೋಗಲು ನಿಂತವರು ಹಿಂದಕ್ಕೆ ಸರಿಯುವ ಸಾಲು ನಾನು ಬೇರೆಲ್ಲೂ ಕಂಡಿಲ್ಲ. ನನಗಿಂತ ದೊಡ್ಡ ಕಾರ್ಡಿನವನು (ಕಂಪನಿ ತನ್ನ ಕಾಯಂ ಗಿರಾಕಿಗಳಿಗೆ ಕೊಡುವ ಕಾರ್ಡ್) ವಿಮಾನ ಹೊರಡುವ ಅರ್ಧ ಗಂಟೆ ಮೊದಲು ಬಂದರೂ ಅವನೇ ಮುಂದೆ. ಕಾರ್ಡ್ ಒಂದೇ ಆದರೆ ದುಬಾರಿ ಅಕ್ಷರದವನು ಮುಂದೆ. ಮೊದಲು ಬಂದದ್ದು ಯಾರು ಅನ್ನುವ ಪ್ರಶ್ನೆ ಏಳುವುದು ಎಲ್ಲಾ ಮುಗಿದ ಮೇಲೆ.

ನಡುವೆ ಒಂದು ಇಮೇಲ್: ಮುಂದುಗಡೆಯ ಸೀಟಿಗೆ ನೀವೇ ಹರಾಜು ಕೂಗಿ! ತೆರೆದರೆ ವೇಗದ ಮೀಟರಿನಂಥ ಚಿತ್ರ, ಸೀಟು ಸಿಗುವ ಸಾಧ್ಯತೆ ತೋರಿಸಲು ಒಂದು ಮುಳ್ಳು. ನಾನು ಮೊತ್ತ ಹಾಕಿದೆ. ಮುಳ್ಳು ಕೆಂಪಿನಲ್ಲೇ ಬಿದ್ದಿತ್ತು: 'ದುರ್ಬಲ'. ಇನ್ನಷ್ಟು ಏರಿಸಿದೆ. ಮುಳ್ಳು ನಿದ್ದೆಯಿಂದ ಎದ್ದವರ ಹಾಗೆ ಒಂದಿಷ್ಟು ಹೊರಳಿ ಮತ್ತೆ ಮಲಗಿತು. ಸಮುದ್ರ ದಾಟುವ ಮೊದಲೇ ಒಂದು ಮುಳ್ಳಿನ ಕೈಯಲ್ಲಿ ಬಡವ ಅನ್ನಿಸಿಕೊಂಡೆ.

ಗೇಟಿನ ಪರದೆಯ ಮೇಲೆ ಹೆಸರುಗಳು. ಪೂರ್ತಿ ಹೆಸರಲ್ಲ, ಅಡ್ಡಹೆಸರಿನ ಮೂರು ಅಕ್ಷರ, ಹೆಸರಿನ ಒಂದು. ಅದರ ಕೆಳಗೆ ಕತ್ತೆತ್ತಿ ನಿಂತ ನಾವು ಹತ್ತೆಂಟು ಜನ. ಒಬ್ಬರನ್ನೊಬ್ಬರು ನೋಡುವುದಿಲ್ಲ, ಆದರೆ ಎಲ್ಲರಿಗೂ ಎಲ್ಲರ ನಂಬರೂ ಗೊತ್ತು. ಮೂರನೇ ನಂಬರಿನವನು ಶೌಚಾಲಯಕ್ಕೆ ಹೋದಾಗ ಆರನೇ ನಂಬರಿನವನ ಮುಖದಲ್ಲಿ ಒಂದು ಕಳೆ ಬಂತು, ಸುಳ್ಳಲ್ಲ. ಕೌಂಟರಿನ ಹೆಂಗಸು ನಕ್ಕು ಹೇಳಿದರು, "ಸ್ವಲ್ಪ ಕಾಯಿರಿ ಸರ್." ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪಾಪ ಪೂಜಾರಿಯ ಕೈಯಲ್ಲೂ ಏನಿಲ್ಲ, ಕಂಪ್ಯೂಟರ್ ತೋರಿಸಿದ್ದನ್ನು ಓದುತ್ತಾರೆ ಅಷ್ಟೇ.

ಇಬ್ಬರಿಗೆ ಸಿಕ್ಕಿತು. ನಾನು ಹಿಂದಿನ ಸಾಲಿನ ನಡುವಿನ ಸೀಟಿಗೆ ನಡೆದೆ. ದಾರಿಯಲ್ಲಿ ಬಿಸಿನೆಸ್ ಕ್ಲಾಸ್ ದಾಟಿಯೇ ಹೋಗಬೇಕಿತ್ತು. ಅಲ್ಲಿ ಇನ್ನೂ ನಾಲ್ಕು ಸೀಟು ಖಾಲಿ. ಒಂದರ ಮೇಲೆ ಯಾರದೋ ಟೋಪಿ ಕೂತಿತ್ತು. ಟೋಪಿ ಯಾವ ಅಕ್ಷರದ್ದೋ.

ಪೆಸಿಫಿಕ್ ದಾಟುವ ಟಪಾಲು ವಿಮಾನಯಾನ ಶುರುವಾದದ್ದು 1935ರ ನವೆಂಬರಿನಲ್ಲಿ. ಪ್ಯಾನ್ ಆಮ್ ಕಂಪನಿಯ 'ಚೈನಾ ಕ್ಲಿಪ್ಪರ್' ವಿಮಾನ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಿಂದ ಹೊರಟು ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್‌ಗಳಲ್ಲಿ ಇಳಿದು ಹತ್ತಿ ಮನಿಲಾ ಸೇರಿತು. ಒಳಗಿದ್ದದ್ದು ಸಿಬ್ಬಂದಿ ಮತ್ತು ಲಕ್ಷಕ್ಕೂ ಜಾಸ್ತಿ ಕಾಗದ. ಒಂದು ಕಾಗದವೂ ಮುಂದಿನ ಸೀಟು ಕೇಳಲಿಲ್ಲ.

ಲಾಸ್ ಏಂಜಲೀಸಿನಲ್ಲಿ ಇನ್ನೊಂದು ಕಸರತ್ತು. ಅಮೆರಿಕದಲ್ಲಿ ಸುಮ್ನೆ ವಿಮಾನ ಬದಲಿಸಿ ಬೇರೆ ದೇಶಕ್ಕೆ ಹೋಗುವವರೂ ಅಮೆರಿಕದ ಒಳಗೆ ಬಂದೇ ಹೋಗಬೇಕು. ವೀಸಾ ಇಲ್ಲದೆ ದಾಟಿಹೋಗುವ ಸೌಲಭ್ಯ 2003ರ ಆಗಸ್ಟಿನಲ್ಲೇ ನಿಂತಿತು. ಈಚೆಗೆ ಕೆಲವೇ ವಿಮಾನಗಳಿಗೆ ಲಗೇಜು ಇಳಿಸಿ ಹಾಕುವುದರಿಂದ ವಿನಾಯಿತಿ ಬಂದಿದೆ. ಉಳಿದವರು ಒಂದು ಬೆಲ್ಟಿನಿಂದ ಪೆಟ್ಟಿಗೆ ಇಳಿಸಿ, ಬಾಗಿಲು ದಾಟಿಸಿ, ಇನ್ನೊಂದು ಬೆಲ್ಟಿಗೆ ಹಾಕಬೇಕು. ಹಾಕಿ, ಮತ್ತೆ ಬೆಲ್ಟ್ ಬಿಚ್ಚಿ (ಈ ಸಲ ಸೊಂಟದ್ದು) ತಪಾಸಣೆಗೆ ನಿಂತೆ.

ಆಗ ಮೊಬೈಲ್ ಗುಣುಗುಟ್ಟಿತು. 'ಅಭಿನಂದನೆಗಳು! ನಿಮ್ಮ ಅಪ್‌ಗ್ರೇಡ್ ಖಚಿತವಾಗಿದೆ.' ಸ್ಯಾನ್ ಫ್ರಾನ್ಸಿಸ್ಕೋಗೆ. ಒಂದೂಕಾಲು ಗಂಟೆಗೆ. ಹೋಗಿ ಕೂತೆ. ಅಗಲ ಸೀಟು, ಮಲಗಲಿಕ್ಕೆ ಆಗದು. ಗಾಜಿನ ಲೋಟದಲ್ಲಿ ಕಿತ್ತಳೆ ರಸ ಕೊಟ್ಟರು. ಅರ್ಧ ಕುಡಿಯುವಷ್ಟರಲ್ಲಿ ಇಳಿಯುವ ಹೊತ್ತಾಯಿತು ಅಂತ ವಾಪಸ್ ತಗೊಂಡರು. ವರ್ಷದ ಸಂಪಾದನೆ ಅಷ್ಟಕ್ಕೇ ಕರಗಿತ್ತು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದು ಆ್ಯಪ್ ತೆರೆದೆ. ಆಕ್ಲೆಂಡ್ ವಿಮಾನದ ಸಾಲಿನಲ್ಲಿ ನನ್ನ ಹೆಸರು ಹಾಗೇ ಇತ್ತು: 'ನೀವು 7ನೇ ಸ್ಥಾನದಲ್ಲಿದ್ದೀರಿ.' ಗಡಿಯಾರ ನೋಡಿದೆ. ಶುಕ್ರವಾರ ಸಂಜೆ 5 ಗಂಟೆ 20 ನಿಮಿಷ. ತಾರೀಕು ಒಂದು ದಿನ ಹಿಂದಕ್ಕೆ ಹೋಗುವ ದಿನರೇಖೆ ದಾಟಿ ಬಂದದ್ದಲ್ವಾ, ಆಕ್ಲೆಂಡಿನ ಟಿಕೆಟ್ ಮೇಲೆ ಹೊರಡುವ ಸಮಯ ಶುಕ್ರವಾರ ರಾತ್ರಿ 8. ಇನ್ನೂ ಎರಡು ಗಂಟೆ ನಲವತ್ತು ನಿಮಿಷ ಇದೆ. ಅಲ್ಲೇ ಒಂದು ಕುರ್ಚಿ ನೋಡಿ ಕಾಯುತ್ತಾ ಕೂತೆ.